ಪಟ್ಟಿ ಕೊಟ್ಟವರ ಮಾನ

1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯ ವೀರಭದ್ರ ದೇವರ ಗುಡಿಯಲ್ಲಿ ಬ್ರಿಟಿಷ್ ಸರ್ಕಾರದ ಕಂದಾಯದ ಹಣವಿತ್ತು. ಅದರ ಕಾವಲಿಗೆ ಬಂದೂಕಿನ ಪೊಲೀಸರಿದ್ದರು. ಆ ಹಣವನ್ನು ಸರ್ಕಾರದ ಕೈಯಿಂದ ಕಿತ್ತುಕೊಳ್ಳಲು ಬಂದವರಲ್ಲಿ ಮೂವರು ಗುಂಡಿಗೆ ಬಲಿಯಾದರು: ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ಕೋಗನೂರಿನ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರಿಗೆ ಆಗ ಇನ್ನೂ ಮೂವತ್ತೆರಡು ತುಂಬಿರಲಿಲ್ಲ.

ಈ ಮೂವರನ್ನು ನಾವು ವೀರರೆಂದು ನೆನೆಯುತ್ತೇವೆ, ಅದು ಸರಿ. ಆದರೆ ಅವರು ನುಗ್ಗಿದ ಜಾಗವನ್ನು ಕುರಿತು ನಾವು ಸಾಕಷ್ಟು ಯೋಚಿಸಿಲ್ಲ. ಗುಡಿ ಊರಿನದು. ದೇವರು ಊರಿನವನು. ಒಳಗಿದ್ದ ಹಣ ಊರವರ ಬೆವರಿನದು. ಆ ಹಣದ ಮೇಲೆ ಮಾತ್ರ ಊರಿಗೆ ಅಧಿಕಾರವಿರಲಿಲ್ಲ. ತನ್ನ ದೇವರ ಬಾಗಿಲಲ್ಲಿ, ತಾನೇ ಕೊಟ್ಟ ಹಣದ ಎದುರು ರೈತ ಪರಕೀಯನಾಗಿ ನಿಂತಿದ್ದ. ಕಂದಾಯ ಎಷ್ಟಿತ್ತು ಎಂಬ ಲೆಕ್ಕವನ್ನು ಇತಿಹಾಸಕಾರರು ಬರೆದಿದ್ದಾರೆ. ಅದನ್ನು ಕೊಟ್ಟವನ ಮಾನ ಏನಾಯಿತು ಎಂಬ ಲೆಕ್ಕ ಯಾವ ದಫ್ತರದಲ್ಲೂ ಸಿಗುವುದಿಲ್ಲ. ನಾನು ಇಲ್ಲಿ ಆಲೋಚಿಸಬೇಕೆಂದಿರುವುದು ಆ ಲೆಕ್ಕವನ್ನು.

1818ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ನಮ್ಮ ಧಾರವಾಡ ಸೀಮೆ ಬ್ರಿಟಿಷರ ಕಂಪನಿಯ ಕೈಗೆ ಬಂತು. ಮುಂದೆ ಜಾರ್ಜ್ ವಿಂಗೇಟ್ ಎಂಬ ಅಧಿಕಾರಿಯ ಸರ್ವೆ ಪದ್ಧತಿ ಇಲ್ಲಿ ನೆಲೆಯೂರಿತು. ಎರೆ, ಮಸಾರಿ ಎಂದು ಮಣ್ಣಿನ ಗುಣ ನೋಡಿ ಪ್ರತಿ ಹೊಲಕ್ಕೂ ದರ ಕಟ್ಟಿದರು; ಸಾಮಾನ್ಯವಾಗಿ ಮೂವತ್ತು ವರ್ಷ ಅದೇ ದರ. ಹಿಂದಿನ ಗೊಂದಲಕ್ಕಿಂತ ಇದು ಎಷ್ಟೋ ಮೇಲು ಎಂದು ಹೇಳುವವರಿದ್ದರು, ಆ ಮಾತಿನಲ್ಲಿ ನಿಜವೂ ಇತ್ತು. ಆದರೆ ಮಳೆ ಮೂವತ್ತು ವರ್ಷದ ಕರಾರಿಗೆ ಸಹಿ ಹಾಕಿರಲಿಲ್ಲ. ಬೆಳೆ ಕೈಕೊಟ್ಟ ವರ್ಷ ಆಣೆವಾರಿ ಕಟ್ಟುತ್ತಿದ್ದರು. ಪೂರ್ತಿ ಬೆಳೆಗೆ ಹದಿನಾರಾಣೆಯೆಂದಿಟ್ಟುಕೊಂಡು, ಈ ಸಲ ಎಷ್ಟು ಆಣೆ ಬೆಳೆ ಬಂದಿದೆ ಎಂದು ಅಧಿಕಾರಿ ಅಂದಾಜು ಮಾಡಬೇಕು. ಹೊಲದಲ್ಲಿ ನಿಂತ ರೈತನ ಕಣ್ಣಿಗೆ ಮೂರಾಣೆ ಕಂಡದ್ದು ಕುದುರೆಯ ಮೇಲೆ ಬಂದು ಹೋದವರ ಕಣ್ಣಿಗೆ ಆರಾಣೆ ಕಾಣಬಹುದಿತ್ತು. 1918ರಲ್ಲಿ ಇದೇ ಮುಂಬಯಿ ಪ್ರಾಂತ್ಯದ ಖೇಡಾದಲ್ಲಿ ಗಾಂಧೀಜಿ ಹೋರಾಡಿದ್ದು ಈ ಆಣೆವಾರಿಯ ಪ್ರಶ್ನೆಯ ಮೇಲೆಯೇ. ರೈತ ಸುಳ್ಳು ಹೇಳುತ್ತಾನೆ ಎಂಬ ಗುಮಾನಿ ಆ ಪದ್ಧತಿಯ ಒಳಗೇ ಇತ್ತು.

1929ರ ನಂತರ ಜಗತ್ತಿನ ಮಾರುಕಟ್ಟೆ ಕುಸಿಯಿತು. ಹತ್ತಿಯ ಬೆಲೆ ಬಿತ್ತು, ಜೋಳದ ಬೆಲೆ ಬಿತ್ತು, ಕಂದಾಯ ಮಾತ್ರ ಬೀಳಲಿಲ್ಲ. ನಿನ್ನೆ ಒಂದು ಚೀಲ ಮಾರಿ ಕಟ್ಟುತ್ತಿದ್ದ ಹಣಕ್ಕೆ ಇಂದು ಎರಡು ಚೀಲ ಮಾರಬೇಕಾಯಿತು. ಕಾಯಿದೆ ಭಂಗ ಚಳವಳಿಯ ಆ ವರ್ಷಗಳಲ್ಲಿ ನಮ್ಮ ಹಿರೇಕೆರೂರು ತಾಲೂಕು ಕರನಿರಾಕರಣೆಗೆ ಇಳಿಯಿತು. ಘಟ್ಟದ ಕಡೆ ಸಿದ್ದಾಪುರ, ಕೆಳಗೆ ಅಂಕೋಲೆ ಕೂಡ ಇಳಿದವು. ಕಟ್ಟದವರ ದನಕರು, ಪಾತ್ರೆಪಗಡಿ ಜಪ್ತಿಯಾದವು. ಹೊಲಮನೆಗಳು ಲಿಲಾವಿಗೆ ಬಂದವು. ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಸಿದ್ದಾಪುರ ಸೀಮೆಯ ಹೆಣ್ಣುಮಕ್ಕಳು ಉಪವಾಸ ಕೂತರು. ಆ ಸೀಮೆಯ ಮಾವಿನಗುಂಡಿ ಊರು ಎಂದರೆ ಇಂದಿಗೂ ಆ ತಾಯಂದಿರ ನೆನಪು. 1937ರಲ್ಲಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಕಳೆದುಕೊಂಡ ಭೂಮಿ ಅನೇಕರಿಗೆ ಮರಳಿತು.

ಇವರೆಲ್ಲ ಲೆಕ್ಕಾಚಾರದ ಜನ ಅಲ್ಲವೇ? ಎಕರೆಗೆ ಕೆಲವು ಆಣೆಗಳ ಕಂದಾಯ ಉಳಿಸಲು ಎಕರೆಯನ್ನೇ ಕಳೆದುಕೊಳ್ಳುವುದು ಯಾವ ವ್ಯವಹಾರ? ಲಾಭ ನಷ್ಟದ ತಕ್ಕಡಿಯಲ್ಲಿ ಇದು ತೂಗುವುದಿಲ್ಲ. ಅವರ ಎದೆಗೆ ನಾಟಿದ್ದು ಬೇರೆ ಏನೋ ಇರಬೇಕು. ಅದು ಏನೆಂದು ತಿಳಿಯಲು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿ, ರೋಮ್ ಸಾಮ್ರಾಜ್ಯದ ಕೆಳಗೆ ಬದುಕಿದ ಯಹೂದಿಗಳ ಕಥೆಯನ್ನು ನೋಡಬೇಕು. ತೆರಿಗೆಯಿಂದ ಒಂದು ಜನಾಂಗದ ಮಾನವನ್ನು ಹೇಗೆ ಕಳೆಯಬಹುದೆಂಬುದು ಅಲ್ಲಿ ಬಿಚ್ಚಿಟ್ಟಂತೆ ಕಾಣುತ್ತದೆ.

ಯಹೂದಿಗಳಲ್ಲಿ ಒಂದು ಹಳೆಯ ಪದ್ಧತಿಯಿತ್ತು. ಇಪ್ಪತ್ತು ವರ್ಷ ದಾಟಿದ ಪ್ರತಿ ಗಂಡಸೂ ವರ್ಷಕ್ಕೆ ಅರ್ಧ ಶೆಕೆಲ್ ಬೆಳ್ಳಿಯನ್ನು ಜೆರುಸಲೇಮಿನ ದೇವಾಲಯಕ್ಕೆ ಕೊಡಬೇಕು. ಸಿರಿವಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ. ದೇವರ ಮುಂದೆ ಎಲ್ಲರ ತಲೆಯ ಬೆಲೆಯೂ ಒಂದೇ ಎಂದು ಸಾರುವ ಕಾಣಿಕೆ ಅದು. ಯಹೂದಿಗಳು ಅಲೆಕ್ಸಾಂಡ್ರಿಯಾದಲ್ಲಿದ್ದರು, ರೋಮ್ ನಗರದಲ್ಲಿದ್ದರು, ಏಷ್ಯಾ ಮೈನರಿನ ಊರೂರಲ್ಲಿ ಹಂಚಿಹೋಗಿದ್ದರು. ಆ ಪುಟ್ಟ ಬೆಳ್ಳಿಯ ನಾಣ್ಯ ಚದುರಿದ ಜನರನ್ನೆಲ್ಲ ಒಂದು ಮಾಡುತ್ತಿತ್ತು. ಜೆರುಸಲೇಮನ್ನು ಕಣ್ಣಲ್ಲಿ ಕಾಣದವನಿಗೂ ಅಲ್ಲಿಯ ದೀಪದಲ್ಲಿ ತನ್ನದೊಂದು ಹನಿ ಎಣ್ಣೆ ಇದೆಯೆಂಬ ಧೈರ್ಯವಿತ್ತು.

ಕ್ರಿ.ಪೂ. 63ರಲ್ಲಿ ರೋಮಿನ ಸೇನಾಪತಿ ಪಾಂಪೆ ಜೆರುಸಲೇಮನ್ನು ಗೆದ್ದ. ಅಲ್ಲಿಂದ ಕಪ್ಪಕಾಣಿಕೆ ಶುರುವಾಯಿತು. ಆದರೂ ಮೊದಮೊದಲು ರೋಮ್ ಕೇವಲ ಕ್ರೂರವಾಗಿರಲಿಲ್ಲ. ಏಳನೆಯ ವರ್ಷ ಭೂಮಿಯನ್ನು ಉಳದೆ ಬೀಳುಬಿಡುವುದು ಯಹೂದಿಗಳ ಧರ್ಮ. ಬೆಳೆಯೇ ಇಲ್ಲದ ಆ ವರ್ಷ ಕಪ್ಪ ಕೊಡಬೇಕಿಲ್ಲವೆಂದು ಜೂಲಿಯಸ್ ಸೀಸರ್ ಆಜ್ಞೆ ಮಾಡಿದ. ದೇವಾಲಯದ ಅರ್ಧ ಶೆಕೆಲನ್ನು ದೂರದೂರದಿಂದ ಕಳಿಸಲು ಅಗಸ್ಟಸ್ ಚಕ್ರವರ್ತಿ ರಕ್ಷಣೆ ಕೊಟ್ಟ. ಗೆದ್ದವನು ಸೋತವನ ಹೊಲದ ನಿಯಮವನ್ನೂ ದೇವರ ನಿಯಮವನ್ನೂ ಕೇಳಿ ತಿಳಿದು ನಡೆದುಕೊಂಡ ದಿನಗಳೂ ಇದ್ದವು ಎಂಬುದನ್ನು ನಾವು ಮರೆಯಬಾರದು. ಹಾಗೆ ನಡೆಯುವುದು ಸಾಧ್ಯವಿತ್ತು. ಆದ್ದರಿಂದಲೇ ಮುಂದೆ ಹಾಗೆ ನಡೆಯದೆ ಹೋದದ್ದು ಪಾಪ.

ಕ್ರಿ.ಶ. 6ರಲ್ಲಿ, ಜೆರುಸಲೇಮಿನ ಸುತ್ತಲಿನ ಸೀಮೆಯಾದ ಯೂದಾಯ ನೇರವಾಗಿ ರೋಮಿನ ಪ್ರಾಂತ್ಯವಾಯಿತು. ತೆರಿಗೆ ಕಟ್ಟಲು ಕ್ವಿರಿನಿಯಸ್ ಎಂಬ ಅಧಿಕಾರಿ ಜನರನ್ನೂ ಆಸ್ತಿಯನ್ನೂ ಎಣಿಸಿದ. ದೇವರೊಬ್ಬನೇ ಒಡೆಯನಾಗಿರುವಾಗ ಈ ಎಣಿಕೆಗೆ ತಲೆ ಕೊಡುವುದು ಗುಲಾಮಗಿರಿಯೆಂದು ಗಲಿಲಾಯದ ಯೂದ ಎಂಬವನು ಬಂಡೆದ್ದ. ಮುಂದಿನ ಅರವತ್ತು ವರ್ಷ ಆ ಬೆಂಕಿ ಬೂದಿಯ ಕೆಳಗೆ ಉಳಿಯಿತು. 66ರಲ್ಲಿ ಗೆಸ್ಸಿಯಸ್ ಫ್ಲೋರಸ್ ಎಂಬ ರಾಜ್ಯಪಾಲ ದೇವಾಲಯದ ಭಂಡಾರದಿಂದಲೇ ಹದಿನೇಳು ತಲಾಂತು ಹಣ ಎತ್ತಿಕೊಂಡ. ಸಿಟ್ಟಿಗೆದ್ದ ಕೆಲವರು ಬುಟ್ಟಿ ಹಿಡಿದು, ಬಡವ ಫ್ಲೋರಸನಿಗೆ ಭಿಕ್ಷೆ ಹಾಕಿರೆಂದು ಬೀದಿಯಲ್ಲಿ ಬೇಡುತ್ತ ತಿರುಗಿದರೆಂದು ಆ ಕಾಲದ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಫ್ಲೋರಸ್ ಸೈನಿಕರನ್ನು ಪೇಟೆಗೆ ನುಗ್ಗಿಸಿದ, ಜನರನ್ನು ಶಿಲುಬೆಗೇರಿಸಿದ. ಯುದ್ಧ ಹತ್ತಿಕೊಂಡಿತು. 70ರಲ್ಲಿ ಟೈಟಸ್ ಜೆರುಸಲೇಮನ್ನು ಹಿಡಿದ. ದೇವಾಲಯ ಉರಿದು ಬಿತ್ತು. ಯಹೂದಿಗಳ ಭೂಮಿಯನ್ನು ತನ್ನದೆಂದು ಎಣಿಸಿ ವಿಲೇವಾರಿ ಮಾಡಲು ಚಕ್ರವರ್ತಿ ಅಪ್ಪಣೆ ಕೊಟ್ಟ.

ಸೋತವರ ಮೇಲೆ ದಂಡ ಹಾಕುವುದು ಎಲ್ಲ ಕಾಲದ ರಾಜರೂ ಮಾಡಿದ ಕೆಲಸ. ವೆಸ್ಪಾಸಿಯನ್ ಚಕ್ರವರ್ತಿ ಅದಕ್ಕಿಂತ ಸೂಕ್ಷ್ಮವಾದ ಕೆಲಸ ಮಾಡಿದ. ದೇವಾಲಯವೇ ಇಲ್ಲವಾದ ಮೇಲೆ ಅರ್ಧ ಶೆಕೆಲ್ ಕಾಣಿಕೆಯೂ ನಿಲ್ಲಬೇಕಿತ್ತಲ್ಲ? ಅವನು ನಿಲ್ಲಿಸಲಿಲ್ಲ, ಅದರ ದಾರಿಯನ್ನು ತಿರುಗಿಸಿದ. ಅದೇ ಮೊತ್ತ, ಎರಡು ದಿನಾರಿ, ಪ್ರತಿ ಯಹೂದಿಯೂ ಪ್ರತಿ ವರ್ಷ ರೋಮ್ ನಗರದ ಜೂಪಿಟರ್ ದೇವರ ಗುಡಿಗೆ ಕಟ್ಟಬೇಕು. ಯುದ್ಧ ಮಾಡಿದವನಷ್ಟೇ ಅಲ್ಲ, ಯುದ್ಧದ ಸುದ್ದಿಯನ್ನು ಮಾತ್ರ ಕೇಳಿದ ಈಜಿಪ್ಟಿನ ಯಹೂದಿಯೂ ಕಟ್ಟಬೇಕು. ಮೊದಲು ಪ್ರಾಯದ ಗಂಡಸರು ಮಾತ್ರ ಕೊಡುತ್ತಿದ್ದರು. ಈಗ ಹೆಂಗಸರೂ ಮಕ್ಕಳೂ ಸೇರಿದರು. ಈಜಿಪ್ಟಿನ ಎಡ್ಫು ಎಂಬ ಊರಿನಲ್ಲಿ ಮಡಕೆಚೂರುಗಳ ಮೇಲೆ ಬರೆದ ಈ ತೆರಿಗೆಯ ರಸೀದಿಗಳು ಸಿಕ್ಕಿವೆ. ಮೂರು ವರ್ಷ ತುಂಬಿದ ಕೂಸಿನ ಹೆಸರಿಗೂ ತೆರಿಗೆ ಹತ್ತುತ್ತಿತ್ತೆಂದು ಈಜಿಪ್ಟಿನ ದಾಖಲೆಗಳಿಂದ ತಿಳಿದಿದೆ.

ದಿನಾರಿ ಎಂದರೆ ಆಗಿನ ಕೂಲಿಯವನ ಒಂದು ದಿನದ ದುಡಿಮೆ. ಒಬ್ಬನಿಗೆ ವರ್ಷಕ್ಕೆ ಎರಡು ದಿನದ ಕೂಲಿ. ಆರು ಜನರ ಬಡ ಸಂಸಾರಕ್ಕೆ ಹನ್ನೆರಡು ದಿನದ ಕೂಲಿ, ಅದು ಹೊರೆಯೇ. ಆದರೆ ಉಳ್ಳವನಿಗೆ ಈ ಮೊತ್ತ ಲೆಕ್ಕಕ್ಕಿಲ್ಲ. ಆದರೂ ಉಳ್ಳವನನ್ನೂ ಇದು ಸುಟ್ಟಿತು. ತನ್ನ ಗುಡಿಯನ್ನು ಕೆಡವಿದವರ ಗುಡಿಗೆ, ತನ್ನ ಗುಡಿಗೆ ಕೊಡುತ್ತಿದ್ದಷ್ಟನ್ನೇ ವರ್ಷವರ್ಷ ಎಣಿಸಿ ಕೊಡುವಾಗ ಕೈಯಲ್ಲಿದ್ದ ನಾಣ್ಯ ಹಿಂದಿನಷ್ಟೇ ತೂಗುತ್ತಿತ್ತು, ಕೊಡುವವನ ತಲೆ ಮಾತ್ರ ತಗ್ಗುತ್ತಿತ್ತು. ನಿನ್ನೆಯವರೆಗೆ ನೀನು ನಮ್ಮವನು ಎಂದು ಹೇಳುತ್ತಿದ್ದ ಕಾಣಿಕೆ, ಇಂದು ನೀನು ಸೋತವನು ಎಂದು ಮೂರು ವರ್ಷದ ಮಗುವಿಗೂ ಹೇಳತೊಡಗಿತು.

ಇಂಥ ತೆರಿಗೆ ತಾನಾಗಿ ನಿಲ್ಲುವುದಿಲ್ಲ, ಇನ್ನಷ್ಟು ಕೀಳಾಗುತ್ತ ಹೋಗುತ್ತದೆ. ಡೊಮಿಷಿಯನ್ ಚಕ್ರವರ್ತಿಯ ಕಾಲಕ್ಕೆ ವಸೂಲಿ ಬಿರುಸಾಯಿತು. ಯಾರು ಯಹೂದಿ, ಯಾರು ಮರೆಮಾಚಿದ್ದಾರೆ ಎಂದು ಚಾಡಿ ಹೇಳುವವರು ಹುಟ್ಟಿಕೊಂಡರು. ತಾನು ಹುಡುಗನಾಗಿದ್ದಾಗ, ತುಂಬಿದ ಕಚೇರಿಯಲ್ಲಿ ತೊಂಬತ್ತು ವರ್ಷದ ಮುದುಕನೊಬ್ಬನಿಗೆ ಸುನ್ನತಿಯಾಗಿದೆಯೇ ಎಂದು ಅಧಿಕಾರಿ ಪರೀಕ್ಷಿಸಿದ್ದನ್ನು ಕಂಡಿದ್ದೆನೆಂದು ರೋಮಿನ ಲೇಖಕ ಸ್ಯೂಟೋನಿಯಸ್ ಬರೆದಿದ್ದಾನೆ. ಎರಡು ದಿನಾರಿಗಾಗಿ ಒಬ್ಬ ಅಜ್ಜನನ್ನು ನಾಲ್ಕು ಜನರೆದುರು ಬೆತ್ತಲೆ ಮಾಡಿದ ಆ ಸಾಮ್ರಾಜ್ಯ ರಸ್ತೆಗಳನ್ನು ಕಟ್ಟಿತ್ತು, ಕಾಲುವೆಗಳನ್ನು ಕಟ್ಟಿತ್ತು, ಕಾನೂನುಗಳನ್ನು ಬರೆದಿತ್ತು. ಆ ಒಂದು ಗಳಿಗೆಯಲ್ಲಿ ಅವೆಲ್ಲವೂ ಸಣ್ಣವಾದವು.

ರೋಮಿಗೂ ಇದು ನಾಚಿಕೆಯೆನಿಸಿತು. 96ರಲ್ಲಿ ಪಟ್ಟಕ್ಕೆ ಬಂದ ನೆರ್ವಾ, ಯಹೂದಿ ತೆರಿಗೆಯ ಹೆಸರಿನ ಈ ಸುಳ್ಳು ಆಪಾದನೆಗಳ ಕಾಟವನ್ನು ತೆಗೆದುಹಾಕಿದ್ದೇನೆಂದು ನಾಣ್ಯದ ಮೇಲೆಯೇ ಅಚ್ಚು ಹಾಕಿಸಿದ. ವೆಸ್ಪಾಸಿಯನ್ ಹೊರಡಿಸಿದ್ದ ವಿಜಯದ ನಾಣ್ಯಗಳಲ್ಲಿ ತಾಳೆಯ ಮರದ ಕೆಳಗೆ ಸೆರೆಯಾದ ಹೆಂಗಸು ಅಳುತ್ತ ಕೂತಿದ್ದಳು. ನೆರ್ವಾನ ನಾಣ್ಯದಲ್ಲಿ ಮರವಷ್ಟೇ ಇದೆ, ಅಳುವವಳಿಲ್ಲ. ತೆರಿಗೆ ಮಾತ್ರ ಉಳಿಯಿತು. ಅವಮಾನದ ಅಂಚನ್ನು ಮೊಂಡು ಮಾಡಿದರು, ಅವಮಾನವನ್ನು ಬಿಡಲಿಲ್ಲ.

ಈಗ ಹಿರೇಕೆರೂರಿಗೆ ಮರಳಿದರೆ ಪ್ರಶ್ನೆ ತಿಳಿಯಾಗುತ್ತದೆ. ಬ್ರಿಟಿಷರು ಕುಲ ನೋಡಿ, ಮತ ನೋಡಿ ಭೂಕಂದಾಯ ಹಾಕಲಿಲ್ಲ. ರೋಮ್ ಯಹೂದಿಗಳಿಗೆ ಮಾಡಿದ್ದಕ್ಕೂ ಇದಕ್ಕೂ ಆ ದೊಡ್ಡ ವ್ಯತ್ಯಾಸವಿದೆ. ಆದರೆ ಎರಡರ ಬೇರು ಒಂದೇ ಕಡೆ ಸೇರುತ್ತದೆ. ಕೊಟ್ಟವನಿಗೆ ಆ ಹಣ ಎಲ್ಲಿಗೆ ಹೋಗುತ್ತದೆಂದು ಕೇಳುವ ಹಕ್ಕಿರಲಿಲ್ಲ. ಈ ವರ್ಷ ನನ್ನಿಂದ ಆಗದು ಎಂದರೆ ನಂಬುವ ಕಿವಿಯಿರಲಿಲ್ಲ. ಮೈಲಾರ ಮಹಾದೇವಪ್ಪನವರು 1930ರಲ್ಲಿ, ಹದಿನೆಂಟರ ಹರೆಯದಲ್ಲಿ, ಸಾಬರಮತಿಯಿಂದ ದಂಡಿಯವರೆಗೆ ಗಾಂಧೀಜಿಯ ಹಿಂದೆ ನಡೆದದ್ದೂ ಒಂದು ತೆರಿಗೆಯ ವಿರುದ್ಧವೇ. ಉಪ್ಪಿನ ತೆರಿಗೆಯ ಮೊತ್ತವೂ ಚಿಕ್ಕದು. ಆದರೆ ಸಮುದ್ರ ಪುಕ್ಕಟೆ ಕೊಟ್ಟದ್ದನ್ನು ಬಡವ ಬಾಗಿ ಆರಿಸಿಕೊಂಡರೆ ಅಪರಾಧಿಯಾಗುತ್ತಿದ್ದ. ಆ ನಡಿಗೆಯಿಂದ ಹೊಸರಿತ್ತಿಯ ಗುಡಿಯವರೆಗೆ ಹದಿಮೂರು ವರ್ಷ ಅವರು ಕೇಳಿದ್ದು ಒಂದೇ ಪ್ರಶ್ನೆ: ನನ್ನಿಂದ ಪಡೆಯುವ ನೀನು ನನ್ನನ್ನು ಮನುಷ್ಯನೆಂದು ಎಣಿಸುತ್ತೀಯೋ ಇಲ್ಲವೋ?

ಹಾಗಾದರೆ ವಸೂಲಿ ಮಾಡುವ ಕೈ ಯಾವಾಗಲೂ ಕೆಟ್ಟದ್ದೇ? ಅಲ್ಲ. ನಮ್ಮ ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬವರಿದ್ದರು. ಸುಂಕ ಎತ್ತುವುದೇ ಅವರ ಕಾಯಕ, ಆ ಕಾಯಕದ ನುಡಿಯಲ್ಲೇ ಅವರು ವಚನ ಬರೆದರು. ಬಸವಣ್ಣನವರೂ ಭಂಡಾರದ ಲೆಕ್ಕ ನೋಡಿದವರು. ಅತ್ತ ಯೆರಿಕೋ ಪಟ್ಟಣದಲ್ಲಿ ಸುಂಕದವರ ಮುಖ್ಯಸ್ಥನಾಗಿದ್ದ ಜಕ್ಕಾಯ, ಮೋಸದಿಂದ ಯಾರಿಂದಲಾದರೂ ಕಿತ್ತಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಯೇಸುವಿನ ಮುಂದೆ ನಿಂತು ಮಾತು ಕೊಟ್ಟ. ಸುಂಕ ಎತ್ತುವವನ ಮುಂದೆ ದಿನವೂ ಎರಡು ದಾರಿಗಳಿರುತ್ತವೆ. ಎದುರಿನವನನ್ನು ಬರೀ ಬಾಕಿಯೆಂದು ನೋಡಬಹುದು, ಒಂದು ಮನೆಯ ಯಜಮಾನನೆಂದೂ ನೋಡಬಹುದು. ಎರಡನೆಯ ದಾರಿ ಹಿಡಿದವನ ಕೈಯಲ್ಲಿ ಸುಂಕವೂ ಕಾಯಕವಾಗುತ್ತದೆ.

ಇಂದು ಸರ್ಕಾರ ನಮ್ಮದು. ಆದ್ದರಿಂದ ತೆರಿಗೆ ತಪ್ಪಿಸುವವನು ತನ್ನನ್ನು ಮಹಾದೇವಪ್ಪನವರ ಸಾಲಿಗೆ ಸೇರಿಸಿಕೊಳ್ಳುವಂತಿಲ್ಲ. ಅವರು ತಮ್ಮ ಲಾಭಕ್ಕೆ ಒಂದು ಪೈಸೆ ಉಳಿಸಲಿಲ್ಲ, ಜೀವವನ್ನೇ ಕೊಟ್ಟರು. ಕಳ್ಳಲೆಕ್ಕ ಬರೆದು ಉಳಿಸಿದ ಪ್ರತಿ ರೂಪಾಯಿ ಯಾವುದೋ ಶಾಲೆಯ ಗೋಡೆಯಿಂದ, ಯಾವುದೋ ಆಸ್ಪತ್ರೆಯ ಮದ್ದಿನಿಂದ ಕಿತ್ತದ್ದು. ಇಷ್ಟನ್ನು ಗಟ್ಟಿಯಾಗಿ ಹೇಳಿಯೇ ಇನ್ನೊಂದು ಮಾತನ್ನೂ ಹೇಳಬೇಕು. ತೆರಿಗೆ ಕಟ್ಟುವವರು ನಾವು, ಉಣ್ಣುವವರು ಅವರು ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಗಳು ಆದಾಯ ತೆರಿಗೆಯ ಅರ್ಜಿ ತುಂಬುವುದಿಲ್ಲ, ನಿಜ. ಆದರೆ 2017ರ ಜುಲೈನಿಂದ ಬಂದ ಜಿಎಸ್‌ಟಿ ಅಂಗಡಿಯಲ್ಲಿ ಯಾರ ಮುಖವನ್ನೂ ನೋಡುವುದಿಲ್ಲ. ಅವಳು ಕೊಳ್ಳುವ ಚಪ್ಪಲಿ, ಮೊಬೈಲಿಗೆ ಹಾಕಿಸುವ ಕರೆನ್ಸಿ, ಎಲ್ಲದರಲ್ಲೂ ಅವಳ ಪಾಲು ಖಜಾನೆ ಸೇರುತ್ತದೆ. ಅವಳಿಂದ ಪಡೆದುಕೊಂಡು ಅವಳನ್ನೇ ಪುಕ್ಕಟೆ ಉಣ್ಣುವವಳೆಂದು ಹಳಿಯುವುದು, ರೋಮಿನ ಆ ಕಚೇರಿಯಲ್ಲಿ ನಡೆದದ್ದರ ಜಾತಿಯ ಪಾಪವೇ. ಹೊಲದ ಉತಾರಕ್ಕಾಗಿ ಬಂದ ಮುದುಕ ರೈತನನ್ನು ಬಾಗಿಲ ಹೊರಗೆ ನಿಲ್ಲಿಸಿ ನಾಳೆ ಬಾ ಎನ್ನುವ ಕಚೇರಿಗೂ ಈ ಮಾತು ಸಲ್ಲುತ್ತದೆ. ಆ ಕುರ್ಚಿಗೆ ಅವನದೂ ಪಾಲಿದೆ.

ಸರ್ಕಾರವನ್ನು ಪ್ರಶ್ನಿಸುವುದು ಸುಲಭ, ಊರನ್ನು ಪ್ರಶ್ನಿಸುವುದು ಕಷ್ಟ. ಆದರೆ ನಾವೂ ತೆರಿಗೆ ಹಾಕುವವರೇ. ಜಾತ್ರೆ ಬಂತೆಂದರೆ, ಗುಡಿಯ ಜೀರ್ಣೋದ್ಧಾರವೆಂದರೆ, ಮನೆಮನೆಯಿಂದ ವಂತಿಗೆಯ ಪಟ್ಟಿ ಎತ್ತುತ್ತೇವೆ. ಒಳ್ಳೆಯ ಪದ್ಧತಿ ಅದು. ಹೊಸರಿತ್ತಿಯಿರುವ ತಾಲೂಕಿನದೇ ಊರಾದ ಅಗಡಿಯ ಆನಂದವನದಿಂದ, ಶೇಷಾಚಲ ಸದ್ಗುರುಗಳ ನೆರಳಿನಲ್ಲಿ, 1907ರಲ್ಲಿ ಗಳಗನಾಥರ ಸಂಪಾದಕತ್ವದಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗೆ ಎಲ್ಲೆಲ್ಲಿಯದೋ ಕನ್ನಡಿಗರು ಚಂದಾ ಕಳಿಸಿದರು. ಆ ಸಣ್ಣ ಹಣ, ಬೇರೆ ಬೇರೆ ಆಡಳಿತಗಳಲ್ಲಿ ಹರಿದುಹೋಗಿದ್ದ ಕನ್ನಡದ ಮನೆಗಳನ್ನು ಒಂದೇ ಓದಿನಲ್ಲಿ ಕೂಡಿಸಿತು. ಮನಸ್ಸಿಟ್ಟು ಕೊಟ್ಟ ಹಣಕ್ಕೆ ಅರ್ಧ ಶೆಕೆಲಿನ ಶಕ್ತಿ ಇಲ್ಲಿಯೂ ಇತ್ತು.

ಊರ ಪಟ್ಟಿಗೆ ಆ ಶಕ್ತಿ ಇದೆಯೇ ಎಂದು ಎದೆ ಮುಟ್ಟಿಕೊಂಡು ಕೇಳೋಣ. ಯಾವುದೋ ಕೇರಿಯಿಂದ ಪಟ್ಟಿ ತೆಗೆದುಕೊಂಡು, ತೇರಿನ ದಿನ ಆ ಕೇರಿಯವರು ಹಗ್ಗ ಮುಟ್ಟಬಾರದೆನ್ನುವ ಊರುಗಳು ಇನ್ನೂ ಇವೆ. ನಿಮ್ಮ ಪಟ್ಟಿಯೇ ಬೇಡ ಎಂದು ಹೇಳಿ, ಕೊಡುವ ಹಕ್ಕನ್ನೂ ಕಿತ್ತುಕೊಂಡ ಊರುಗಳಿವೆ. ಮೊದಲನೆಯದು ಹಣ ಪಡೆದು ಮಾನ ಕಳೆಯುವುದು. ಎರಡನೆಯದು, ನಿನ್ನ ಹಣಕ್ಕೂ ನಮ್ಮಲ್ಲಿ ಜಾಗವಿಲ್ಲವೆಂದು ಹೇಳಿ ಮಾನ ಕಳೆಯುವುದು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿ ಮುಕ್ಕಾಲು ಶತಮಾನ ಕಳೆಯಿತು. ಹೊರಗಿನಿಂದ ಬಂದು ಆಳಿದ ಬ್ರಿಟಿಷರನ್ನು ಪ್ರಶ್ನಿಸಿದ ನಮ್ಮ ಸೀಮೆ, ತನ್ನೊಳಗಿನ ಈ ಆಳ್ವಿಕೆಯನ್ನು ಪ್ರಶ್ನಿಸದೆ ಹೋದರೆ ಆ ಮೂವರ ಸ್ಮಾರಕಕ್ಕೆ ಹಾಕುವ ಹಾರಕ್ಕೆ ಅರ್ಥವಿಲ್ಲ. ಅವರಲ್ಲಿ ಒಬ್ಬರು ಮಡಿವಾಳರು, ಒಬ್ಬರು ಹಿರೇಮಠದವರು. ಸಾಯುವಾಗ ಅವರು ಪಂಕ್ತಿಭೇದ ಮಾಡಲಿಲ್ಲ.

ಯಾವುದೇ ವಸೂಲಿ, ಅದು ಸಾಮ್ರಾಜ್ಯದ್ದಿರಲಿ, ತಾಲೂಕು ಕಚೇರಿಯದಿರಲಿ, ಗುಡಿಯ ಕಮಿಟಿಯದಿರಲಿ, ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕೊಟ್ಟದ್ದು ಎಲ್ಲಿಗೆ ಹೋಯಿತೆಂದು ಕೊಟ್ಟವನು ಕೇಳಬಹುದೇ? ಕೊಟ್ಟವನಿಗೆ ಅದರಲ್ಲಿ ಸಮನಾದ ಜಾಗವಿದೆಯೇ? ಕೊಡಲಾಗದ ವರ್ಷ ಅವನ ಮಾತನ್ನು ನಂಬುತ್ತಾರೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಆ ವಸೂಲಿ ಊರನ್ನು ಕಟ್ಟುತ್ತದೆ. ಒಂದಕ್ಕೆ ಇಲ್ಲವೆಂದು ಬಂದರೂ, ಮೊತ್ತ ಎಷ್ಟೇ ಚಿಕ್ಕದಿರಲಿ, ಅದು ಒಬ್ಬ ಮನುಷ್ಯನನ್ನು ಕುಗ್ಗಿಸಿಯೇ ತೀರುತ್ತದೆ. ಮುಂದಿನ ಜಾತ್ರೆಗೆ ಪಟ್ಟಿಯ ಪುಸ್ತಕ ಹಿಡಿದು ಹೊರಡುವ ಹಿರಿಯರು ಯಾವ ಕೇರಿಯನ್ನೂ ಬಿಡದೆ ಎಲ್ಲ ಮನೆಗಳ ಹೆಸರನ್ನೂ ಒಂದೇ ಪುಸ್ತಕದಲ್ಲಿ ಬರೆಯಲಿ, ಲೆಕ್ಕವನ್ನು ಎಲ್ಲರೆದುರು ಓದಲಿ. ಕೊಟ್ಟವರನ್ನೂ ಕೊಡಲಾಗದವರನ್ನೂ ಒಂದೇ ಬಾಗಿಲಿನಿಂದ ಒಳಗೆ ಕರೆದು ಒಂದೇ ಪಂಕ್ತಿಯಲ್ಲಿ ಕೂಡಿಸಿ ಬಡಿಸಲಿ. ಇದನ್ನು ಮಾಡಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.